ಗೀರು, ಗೆರೆ, ಚಿತ್ರ: ಶಿಲಾಯುಗದ ಜಂಗಮಕಲೆಯ ವಿಚಾರ

ಉಲ್ಹಾಸ ನದಿಯ ದಂಡೆಯ ಶಹಾಡದಲ್ಲಿ, ಬಿಜಾಪುರ ಕಲಬುರ್ಗಿಗಳ ಕಡೆಯಿಂದ ಬಂದು ನೆಲಸಿದವರ ಮನೆಯ ಮೂಲೆಯಲ್ಲಿ ಬೀಸುವ ಕಲ್ಲೊಂದು ಇನ್ನೂ ಉಳಿದಿದ್ದರೆ, ಅದರ ಮೈಯನ್ನು ಓರೆಬೆಳಕಿನಲ್ಲಿ ಒಮ್ಮೆ ನೋಡಬೇಕು. ಕಲ್ಲು ಸವೆದು ನುಣುಪಾಗಿ ಹಿಟ್ಟು ಸರಿಯಾಗಿ ಬೀಳದಂತಾದಾಗಲೆಲ್ಲ ಕಲ್ಲುಕುಟಿಗರನ್ನು ಕರೆದು ಅದಕ್ಕೆ ಕಕ್ಕು ಹೊಡೆಸುವುದು ಹಿಂದಿನಿಂದ ಬಂದ ರೂಢಿ. ಉಳಿಯ ಮೊನೆಯಿಂದ ಬಿದ್ದ ನೂರಾರು ಕಚ್ಚುಗಳು ಸಾಲುಗಟ್ಟಿ ನಿಂತಿರುವುದನ್ನು ಕಂಡರೆ, ಅದರ ಉಪಯೋಗವನ್ನು ಅರಿಯದವರಿಗೆ ಅದೊಂದು ವಿನ್ಯಾಸವೆಂದೇ ತೋರುವುದು. ಕುಟಿಗನು ಕೆಲಸ ಮುಗಿದ ಮೇಲೆ ಅಂಚಿನಲ್ಲಿ ಒಂದು ಹೂವನ್ನೋ ಮೀನನ್ನೋ ಕೊರೆದುಬಿಡುವುದೂ ಉಂಟು. ಕಚ್ಚುಗಳು ಹಿಟ್ಟಿಗಾಗಿ ಹುಟ್ಟಿದವು. ಮೀನು ಹುಟ್ಟಿದ್ದು ಹಿಟ್ಟಿಗಾಗಿ ಅಲ್ಲ. ಆದರೆ ಎರಡನ್ನೂ ಹೊಡೆದದ್ದು ಅದೇ ಕೈ, ಅದೇ ಉಳಿ, ಅದೇ ಮಧ್ಯಾಹ್ನ. ಸಾವಿರಾರು ವರ್ಷಗಳ ತರುವಾಯ ಆ ಕಲ್ಲು ಒಡೆದು ಅದರ ಒಂದು ತುಂಡು ಮಾತ್ರ ಯಾರ ಕೈಗಾದರೂ ಸಿಕ್ಕಿದರೆ, ಅವರು ಕಚ್ಚನ್ನೂ ಮೀನನ್ನೂ ಹೇಗೆ ಬೇರ್ಪಡಿಸಬೇಕು? ಮೀನಿನ ಬಾಲ ಮಾತ್ರ ಉಳಿದಿದ್ದರೆ ಅದನ್ನು ಏನೆಂದು ತಿಳಿಯಬೇಕು? ಶಿಲಾಯುಗದ ಸಣ್ಣ ಕಲ್ಲುಗಳ ಮೇಲಿನ ಕೊರೆತಗಳನ್ನು ಅಭ್ಯಸಿಸುವವರ ಮುಂದಿರುವ ಪ್ರಶ್ನೆ ಇದಕ್ಕಿಂತ ಬೇರೆಯಲ್ಲ.

ಪ್ರಾಗಿತಿಹಾಸದ ಕಲೆಯನ್ನು ವಿದ್ವಾಂಸರು ಎರಡು ಪಂಗಡಗಳಾಗಿ ಮಾಡುವರು. ಬೆಟ್ಟದ ಬಂಡೆಯ ಮೇಲೋ ಗುಹೆಯ ಗೋಡೆಯ ಮೇಲೋ ಮೂಡಿ ಅಲ್ಲಿಯೇ ನಿಂತದ್ದು ಒಂದು; ಕೈಯಲ್ಲಿ ಹಿಡಿದು ಒಯ್ಯಬಹುದಾದ ಕಲ್ಲು, ಮೂಳೆ, ದಂತ, ಚಿಪ್ಪುಗಳ ಮೇಲೆ ಕೊರೆದದ್ದು ಮತ್ತೊಂದು. ಇವಕ್ಕೆ ಕನ್ನಡದಲ್ಲಿ ಹೊಸ ಹೆಸರುಗಳನ್ನು ಕಟ್ಟುವ ಶ್ರಮ ಬೇಡ. ಸ್ಥಾವರ, ಜಂಗಮ ಎಂಬ ಮಾತುಗಳು ನಮ್ಮಲ್ಲಿ ಸಿದ್ಧವಾಗಿವೆ. ವಚನಕಾರರು ಈ ಜೋಡಿಗೆ ಕಟ್ಟಿದ ಬೆಲೆ ಮಾತ್ರ ಇಲ್ಲಿ ಹಾಗೆಯೇ ನಿಲ್ಲುವುದಿಲ್ಲ. ಸ್ಥಾವರವಾದ ಚಿತ್ರ ತನ್ನ ಊರನ್ನು ಬಿಡದು. ಬಳ್ಳಾರಿಯ ಹತ್ತಿರದ ಕುಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳು 1892ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದವು. ರತ್ನಾಗಿರಿಯ ಜಂಬಿಟ್ಟಿಗೆ ಸಡೆಗಳ ಮೇಲೆ ಕೊರೆದ ಆನೆ ಹುಲಿ ಮೀನುಗಳು 2022ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಆ ಎರಡು ಕಡೆಯೂ ಚಿತ್ರ ಎಲ್ಲಿಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಂದಿನದು ಎಂಬುದೇ ತೊಡಕು, ಏಕೆಂದರೆ ಬಯಲಿನಲ್ಲಿ ಬಿದ್ದಿರುವ ಬಂಡೆಯ ಮೈಗೆ ಪದರವಿಲ್ಲ. ಜಂಗಮವಾದ ಕಲ್ಲಿನ ಪಾಡು ಬೇರೆ. ಅದು ಮಣ್ಣಿನ ಪದರದೊಳಗೆ ಹುದುಗಿರುವಾಗ ಪಕ್ಕದ ಇದ್ದಿಲು, ಎಲುಬು, ಆಯುಧಗಳು ಅದರ ಕಾಲಕ್ಕೆ ಸಾಕ್ಷಿ ನುಡಿಯುತ್ತವೆ. ಪದರದಿಂದ ಕಿತ್ತು ಒಯ್ದೊಡನೆ ಅದಕ್ಕೆ ಊರೂ ಇಲ್ಲ, ಕಾಲವೂ ಇಲ್ಲ. ನ್ಯಾಯಶಾಸ್ತ್ರದಲ್ಲಿ ಚರಾಸ್ತಿಯ ಒಡೆತನವನ್ನು ಸಿದ್ಧಪಡಿಸುವುದು ಸ್ಥಿರಾಸ್ತಿಗಿಂತ ಕಷ್ಟವೆನ್ನುವರಷ್ಟೆ, ಇಲ್ಲಿಯೂ ಹಾಗೆಯೇ.

ವಿಷಯಕ್ಕೆ ಇಳಿಯುವ ಮೊದಲು ನಮ್ಮ ಭಾಷೆಯನ್ನು ಕುರಿತು ಒಂದು ಮಾತನ್ನು ಹೇಳಬೇಕಾಗಿದೆ. ಕನ್ನಡವು ಈ ಅಭ್ಯಾಸಕ್ಕೆ ಬೇಕಾದ ಭೇದವನ್ನು ತಾನಾಗಿ ಒದಗಿಸಿದೆ. ಗೀರು ಎಂದರೆ ಯಾವುದೋ ಮೊನೆ ತಾಗಿ ಉಂಟಾದ ಗುರುತು. ಮುಳ್ಳು ಗೀರುವುದು, ಬೆಕ್ಕು ಗೀರುವುದು, ಅಲ್ಲಿ ಉದ್ದೇಶದ ಮಾತಿಲ್ಲ. ಗೆರೆಯನ್ನು ಎಳೆಯಬೇಕು, ಎಳೆಯುವವನಿಗೆ ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಿರಬೇಕು. ಚಿತ್ರಕ್ಕೆ ಗೆರೆಗಳು ಒಂದನ್ನೊಂದು ಬಲ್ಲವಾಗಿ ಸೇರಬೇಕು. ಗೀರನ್ನು ಗೆರೆಯೆಂದು ಸಿದ್ಧಪಡಿಸಿ, ಗೆರೆಗಳನ್ನು ಚಿತ್ರವೆಂದು ಸಿದ್ಧಪಡಿಸಿ, ಆ ಮೇಲೆ ಅರ್ಥವನ್ನು ಕೇಳುವುದು ಸರಿಯಾದ ಕ್ರಮ. ಆದರೆ ಅದೇ ಕನ್ನಡವು ಒಂದು ಮೋಹಕ್ಕೂ ಎಡೆಮಾಡಿಕೊಟ್ಟಿದೆ. ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ; ಕ್ರಿಯಾಪದ ಒಂದೇ. ಆದುದರಿಂದ ಕಲ್ಲಿನ ಮೇಲೆ ಗೆರೆ ಕಂಡೊಡನೆ ಅದನ್ನು ಓದಲು ತೊಡಗುವ ಅಭ್ಯಾಸ ನಮ್ಮವರಲ್ಲಿ, ಅದರಲ್ಲಿಯೂ ಶಾಸನಗಳ ನಡುವೆ ಬೆಳೆದವರಲ್ಲಿ, ಬಲವಾಗಿದೆ. ಶಾಸನದಲ್ಲಿ ಗೀರು ಯಾವುದು, ಅಕ್ಷರ ಯಾವುದು ಎಂಬುದನ್ನು ಭಾಷೆಯೇ ತೀರ್ಮಾನಿಸಿಕೊಡುತ್ತದೆ. ಸಾಲಿನ ಅರ್ಥಕ್ಕೆ ಒಗ್ಗದ ಗುರುತನ್ನು ಕಲ್ಲಿನ ದೋಷವೆಂದು ಬಿಡಬಹುದು. ಶಿಲಾಯುಗದ ಕಲ್ಲಿನಲ್ಲಿ ಅಂತಹ ಪಂಚಾಯಿತಿಗಾರ್ತಿ ಇಲ್ಲ.

ಯುರೋಪಿನಲ್ಲಿ ಈ ಅಭ್ಯಾಸವು ಹುಟ್ಟಿದ್ದೇ ಜಂಗಮಕಲೆಯಿಂದ. 1864ರಲ್ಲಿ ಫ್ರಾನ್ಸಿನ ಲಾ ಮಾದ್ಲೆನ್ ಎಂಬಲ್ಲಿ ಲಾರ್ತೆ ಎಂಬ ವಿದ್ವಾಂಸನ ಉತ್ಖನನದಲ್ಲಿ ಮ್ಯಾಮತ್ ಎಂಬ ಅಳಿದುಹೋದ ಆನೆಯ ದಂತದ ಮೇಲೆ ಅದೇ ಪ್ರಾಣಿಯ ಚಿತ್ರ ಕೊರೆದಿದ್ದ ತುಂಡು ದೊರೆಯಿತು. ಪ್ರಾಣಿಯನ್ನು ಕಣ್ಣಾರೆ ಕಂಡವನಲ್ಲದೆ ಬೇರೆಯವನು ಅದನ್ನು ಕೊರೆಯಲಾರನಾದ್ದರಿಂದ ಶಿಲಾಯುಗದ ಮನುಷ್ಯನಿಗೆ ಕಲೆಯಿತ್ತೆಂಬುದಕ್ಕೆ ಅದೊಂದೇ ಸಾಕಾಯಿತು. ಅದೇ ವಿದ್ವತ್ಸಮಾಜವು 1880ರಲ್ಲಿ ಪ್ರಕಟವಾದ ಆಲ್ತಾಮಿರಾ ಗುಹೆಯ ಚಿತ್ರಗಳನ್ನು ನಂಬಲಿಲ್ಲ; ಮುಂದಾಳಾಗಿ ಸಂಶಯಪಟ್ಟಿದ್ದ ಕಾರ್ತೈಯಾಕ್ 1902ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಗೋಡೆಯ ಚಿತ್ರವನ್ನು ನಂಬಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು, ಪದರದಿಂದ ಬಂದ ತುಂಡನ್ನು ನಂಬಲು ಹಿಡಿಯಲಿಲ್ಲ. ಸ್ಪೇನಿನ ಪರ್ಪಾಲ್ಯೊ ಗುಹೆಯನ್ನು 1929ರಿಂದ 1931ರವರೆಗೆ ಅಗೆದ ಪೆರಿಕೋತ್ ಐದು ಸಾವಿರಕ್ಕೂ ಮಿಕ್ಕ ಕಲ್ಲುಹಲಗೆಗಳನ್ನು ಪದರ ಪದರವಾಗಿ ತೆಗೆದನು. ಅಲ್ಲಿ ಶೈಲಿಯ ಬದಲಾವಣೆಯನ್ನು ಊಹಿಸಬೇಕಾಗಿಲ್ಲ, ಮೇಲಿನಿಂದ ಕೆಳಕ್ಕೆ ಎಣಿಸಿದರಾಯಿತು.

ಎಲ್ಲ ಕಡೆಯೂ ಕಲ್ಲು ಇಷ್ಟು ವಿಧೇಯವಲ್ಲ. ಫ್ರಾನ್ಸಿನ ಲಾ ಮಾರ್ಶ್ ಗುಹೆಯಲ್ಲಿ 1937ರ ಹೊತ್ತಿಗೆ ದೊರೆತ ಸುಣ್ಣಕಲ್ಲಿನ ಹಲಗೆಗಳ ಮೇಲೆ ಗೆರೆಗಳು ಒಂದರ ಮೇಲೊಂದು ಬಿದ್ದು ಹಾಸುಹೊಕ್ಕಾಗಿ, ಮುಳ್ಳುಪೊದೆಯಂತೆ ಕಾಣುತ್ತವೆ. ಅವುಗಳೊಳಗಿಂದ ಮನುಷ್ಯರ ಮುಖಗಳನ್ನು ಬಿಡಿಸಿದ್ದು ಲೆಯೋಂ ಪಾಲೆ ಎಂಬ ವಿದ್ವಾಂಸರ ದೀರ್ಘಕಾಲದ ಪರಿಶ್ರಮ. ಅವರು ಬಿಡಿಸಿದ ಮುಖಗಳಲ್ಲಿ ಕೆಲವು ಎಷ್ಟು ಜೀವಂತವಾಗಿವೆಯೆಂದರೆ ಮೊದಲಿಗೆ ಅವು ಕೃತ್ರಿಮವೆಂಬ ಸಂಶಯವೂ ಎದ್ದಿತ್ತು. ಇಲ್ಲಿ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಒಂದಿದೆ. ನೂರು ಗೆರೆಗಳಲ್ಲಿ ಹತ್ತನ್ನು ಆರಿಸಿ ದಪ್ಪಮಾಡಿ ತೋರಿಸಿದರೆ ಮುಖ ಕಾಣುವುದು ನಿಜ. ಆ ಹತ್ತನ್ನೇ ಏಕೆ ಆರಿಸಿದಿರಿ ಎಂದರೆ, ಮುಖ ಕಾಣುವುದರಿಂದ ಎಂಬುದೇ ಉತ್ತರವಾಗಬಾರದು. ಗೆರೆಯ ಆಳ, ಅಗಲ, ಒಂದು ಗೆರೆ ಇನ್ನೊಂದನ್ನು ಕಡಿದುಹೋದ ಕ್ರಮ, ಇವು ಆ ಹತ್ತನ್ನು ಉಳಿದ ತೊಂಬತ್ತರಿಂದ ಬೇರೆಮಾಡಿ ತೋರಿಸಬೇಕು. ಪಾಲೆಯವರ ಕೆಲಸದ ಹಿರಿಮೆಯನ್ನು ಒಪ್ಪಿಕೊಂಡೂ, ಇಂತಹ ಪ್ರತಿಗಳಲ್ಲಿ ಶಿಲಾಯುಗದವನ ಕೈ ಎಲ್ಲಿ ಮುಗಿಯಿತು, ಪ್ರತಿಕಾರನ ಕಣ್ಣು ಎಲ್ಲಿ ಮೊದಲಾಯಿತು ಎಂಬುದನ್ನು ಓದುಗನು ವಿಚಾರಿಸಿಕೊಳ್ಳಬೇಕಾಗುವುದು.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ತೀಕ್ಷ್ಣಗೊಳಿಸಿದವನು ಅಲೆಕ್ಸಾಂಡರ್ ಮಾರ್ಷ್ಯಾಕ್. ವೃತ್ತಿಯಿಂದ ಪತ್ರಕರ್ತನಾಗಿದ್ದ ಈತನು ಮೂಳೆ ಕಲ್ಲುಗಳ ಮೇಲಿನ ಸಾಲುಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಮೊನೆಗಳಿಂದ ಬಿದ್ದವೆಂದೂ, ಚಂದ್ರನ ವೃದ್ಧಿಕ್ಷಯಗಳನ್ನು ಎಣಿಸಿಟ್ಟ ಲೆಕ್ಕವೆಂದೂ 1964ರಿಂದ ವಾದಿಸತೊಡಗಿದನು. 1972ರ ಅವನ ಹಿರಿಯ ಗ್ರಂಥವು ವಿದ್ವಾಂಸರಾಚೆಗೂ ಅಪಾರವಾದ ಓದುಗರನ್ನು ಗಳಿಸಿತು. ವಾದದಲ್ಲಿ ಆಕರ್ಷಣೆಯಿದೆ, ಶಿಲಾಯುಗದ ಬೇಟೆಗಾರನನ್ನು ಪಂಚಾಂಗಕಾರನನ್ನಾಗಿ ಕಾಣುವುದು ಯಾರಿಗೆ ಬೇಡ? ಆದರೆ ಈ ಗೀರುಗಳ ಸಂಖ್ಯೆ ಚಾಂದ್ರಮಾಸಕ್ಕೆ ಕರಾರುವಾಕ್ಕಾಗಿ ಹೊಂದದಿದ್ದಾಗ ಒಂದೆರಡು ದಿನ ಮೋಡವಿತ್ತೆಂದೋ ಎಣಿಕೆ ತಪ್ಪಿತೆಂದೋ ಸೇರಿಸಿಕೊಳ್ಳಲು ಎಡೆಯಿದ್ದರೆ, ಯಾವ ಸಾಲುಗೀರೂ ಚಂದ್ರನ ಲೆಕ್ಕವಾಗದೆ ಉಳಿಯದು. ಏನನ್ನಾದರೂ ಒಪ್ಪಿಸಬಲ್ಲ ವಾದವು ಯಾವುದನ್ನೂ ಸಿದ್ಧಪಡಿಸಿದಂತಾಗುವುದಿಲ್ಲ.

ಇದಕ್ಕೆ ಉತ್ತರ ಬಂದದ್ದು ಮತ್ತೊಂದು ಸಿದ್ಧಾಂತದಿಂದಲ್ಲ, ಕೈಕೆಲಸದಿಂದ. ಫ್ರಾಂಚೆಸ್ಕೊ ದೆರಿಕೊ ಎಂಬ ವಿದ್ವಾಂಸರು ಅಝೀಲಿಯನ್ ಎಂಬ, ಹಳೆಯ ಶಿಲಾಯುಗದ ಕೊನೆಗೆ ಸೇರಿದ, ಸಂಸ್ಕೃತಿಯ ಕೊರೆದ ನದಿಗಲ್ಲುಗಳನ್ನು ಎತ್ತಿಕೊಂಡರು. ಅಂತಹವೇ ನದಿಗಲ್ಲುಗಳ ಮೇಲೆ ತಾವೇ ಚಕಮಕಿಕಲ್ಲಿನ ಮೊನೆಗಳಿಂದ ಗೆರೆಗಳನ್ನು ಎಳೆದು, ಹೊಸ ಗೆರೆಗಳನ್ನೂ ಹಳೆಯವನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಕಲ್ಲಿನ ಮೊನೆಯ ಅಂಚು ಎಂದಿಗೂ ಸಮವಾಗಿರದು; ಅದರ ಸಣ್ಣ ಹಲ್ಲುಗಳು ಗೆರೆಯ ತಳದಲ್ಲಿ ಸಮಾನಾಂತರವಾದ ನವಿರು ಎಳೆಗಳನ್ನು ಬಿಟ್ಟುಹೋಗುತ್ತವೆ. ಆ ಎಳೆಗಳ ಜೋಡಣೆ ಒಂದು ಗೆರೆಯಿಂದ ಮುಂದಿನ ಗೆರೆಗೆ ಹಾಗೆಯೇ ಮುಂದುವರಿದರೆ ಮೊನೆ ಒಂದೇ, ಕೈ ಒಂದೇ, ಕುಳಿತ ಹೊತ್ತೂ ಒಂದೇ. ಮೊನೆ ಬದಲಾದರೆ ಎಳೆಗಳೂ ಬದಲಾಗುತ್ತವೆ. ಸಹಿಯನ್ನು ತಾಳೆ ನೋಡುವವನು ಅಕ್ಷರದ ಸೊಗಸನ್ನು ನೋಡುವುದಿಲ್ಲ. ಲೇಖನಿ ಎಲ್ಲಿ ಒತ್ತಿತು, ಎಲ್ಲಿ ಎತ್ತಿತು, ಎಲ್ಲಿ ತಡೆದು ಮುಂದುವರಿಯಿತು ಎಂಬುದನ್ನು ನೋಡುತ್ತಾನೆ. ದೆರಿಕೊ ನೋಡಿದ್ದೂ ಅದನ್ನೇ. ಈ ನದಿಗಲ್ಲುಗಳಲ್ಲಿ ಸಾಲುಗೀರುಗಳು ಒಂದೇ ಮೊನೆಯಿಂದ ಒಂದೇ ಸಲಕ್ಕೆ ಎಳೆದವೆಂದು ತೋರಿಬಂದುದರಿಂದ ದಿನಕ್ಕೊಂದರಂತೆ ಚಂದ್ರನನ್ನು ಎಣಿಸಿದ ವಾದ ಅಲ್ಲಿ ನಿಲ್ಲದೆ ಹೋಯಿತು. 1989ರಲ್ಲಿ ಅವರು ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಚಂದ್ರಪಂಚಾಂಗದ ಆಸೆಯನ್ನು ಪ್ರಶ್ನಿಸುವಂತಹದು. ಮಾರ್ಷ್ಯಾಕನಿಗೆ ನ್ಯಾಯವನ್ನೂ ಸಲ್ಲಿಸಬೇಕು: ಗೀರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುವುದನ್ನು ವಿದ್ವತ್ಸಮಾಜಕ್ಕೆ ಕಲಿಸಿದವರಲ್ಲಿ ಅವನೇ ಮುಖ್ಯನು, ಅವನ ವಾದವು ಬಿದ್ದುದು ಅವನೇ ಹಿಡಿದ ಉಪಕರಣದಿಂದ.

ಈಚಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮತ್ತೊಂದು ಉಪಕರಣ ಬಳಕೆಗೆ ಬಂದಿದೆ. ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಹತ್ತಾರು ಫೋಟೋಗಳನ್ನು ತೆಗೆದು, ಗಣಕಯಂತ್ರದಲ್ಲಿ ಅವನ್ನು ಒಂದುಗೂಡಿಸಿ, ಬೇಕಾದ ದಿಕ್ಕಿನಿಂದ ಬೆಳಕನ್ನು ಹಾಯಿಸಿ ನೋಡುವ ಕ್ರಮವಿದು. ವೀರಗಲ್ಲಿನ ಸವೆದ ಅಕ್ಷರವನ್ನು ಸಂಜೆಯ ಓರೆಬಿಸಿಲಿಗೆ ಕಾದು ಓದಿದ ನಮ್ಮ ಶಾಸನಾಭ್ಯಾಸಿಗಳಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದಿಲ್ಲ. ಜರ್ಮನಿಯ ಗ್ಯೋನರ್ಸ್‌ಡೋರ್ಫ್‌ನಲ್ಲಿ ಬೊಸಿನ್ಸ್ಕಿಯವರು 1968ರಿಂದ ಅಗೆದು ತೆಗೆದ ಪದರಗಲ್ಲಿನ ಹಲಗೆಗಳನ್ನು ಈ ಕ್ರಮದಿಂದ ಮತ್ತೆ ಪರೀಕ್ಷಿಸಿದಾಗ, ಕೆಲವದರಲ್ಲಿ ಮೀನುಗಳೂ ಅವುಗಳ ಮೇಲೆ ಜಾಲರಿಯಂತಹ ಗೆರೆಗಳೂ ಕಂಡುಬಂದವೆಂದು 2024ರಲ್ಲಿ ಪ್ರಕಟವಾಯಿತು; ಅದನ್ನು ಬಲೆಯೆಂದು ಸಂಶೋಧಕರು ಅರ್ಥೈಸಿದ್ದಾರೆ. ಮೀನು ಎಂಬುದನ್ನು ಒಪ್ಪಲು ಕಷ್ಟವಿಲ್ಲ. ಬಲೆ ಎಂಬುದು ಸಂಭವನೀಯವೇ ಹೊರತು ಅಷ್ಟೇ ನಿಶ್ಚಿತವಲ್ಲ, ಏಕೆಂದರೆ ಜಾಲರಿಯು ಶಿಲಾಯುಗದ ಕಲ್ಲುಗಳಲ್ಲಿ ಮೀನಿಲ್ಲದೆಯೂ ಬೇಕಾದಷ್ಟು ಸಿಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ತೋರುವ ಅಧ್ಯಯನವು ಫ್ರಾನ್ಸಿನ ಮೊಂತಾಸ್ತ್ರೂಕ್ ಬಂಡೆಯಾಸರೆಯ ಕಲ್ಲುಗಳಿಗೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಗೆದು ತೆಗೆದ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ 50 ಸುಣ್ಣಕಲ್ಲಿನ ಹಲಗೆಗಳು ಇವು. ಕುದುರೆ, ಹಿಮಸಾರಂಗ ಮುಂತಾದವುಗಳನ್ನು ಅವುಗಳ ಮೇಲೆ ಕೊರೆದಿದೆ. ಕಾಲವು ಈಗಿನಿಂದ ಸುಮಾರು 16,000ದಿಂದ 13,500 ವರ್ಷಗಳ ಹಿಂದೆ. ಹಿಂದಿನವರು ಈ ಕಲ್ಲುಗಳಲ್ಲಿ ಪ್ರಾಣಿಗಳನ್ನು ಮಾತ್ರ ನೋಡಿದ್ದರು. 2022ರಲ್ಲಿ ನೀಡಮ್ ಮತ್ತು ಅವರ ಜತೆಗಾರರು ನೋಡಿದ್ದು ಕಲ್ಲಿನ ಅಂಚಿನ ನಸುಗೆಂಪನ್ನು. ಸುಣ್ಣಕಲ್ಲು ಬೆಂಕಿಯ ಕಾವಿಗೆ ಕೆಂಪಡರುವುದು. ಅದು ಆಕಸ್ಮಿಕವೆ, ಅಡಿಗೆಗಾಗಿ ಕಾಯಿಸಿದ್ದೆ, ಒಲೆಯ ಅಂಚಿಗಿಟ್ಟಿದ್ದೆ ಎಂಬುದನ್ನು ತಿಳಿಯಲು ಅಂತಹ ಹೊಸ ಕಲ್ಲುಗಳನ್ನು ಕೊರೆದು, ಬೇರೆ ಬೇರೆ ರೀತಿಯಲ್ಲಿ ಕಾಯಿಸಿ, ಬಣ್ಣವೇರಿದ ಬಗೆಯನ್ನು ಹೋಲಿಸಿದರು. ಒಲೆಯ ಬಳಿಯಲ್ಲಿಟ್ಟ ಕಲ್ಲುಗಳೊಂದಿಗೆ ಹಳೆಯವು ಹೊಂದಿಕೊಂಡವು. ಆಮೇಲೆ ಗಣಕಯಂತ್ರದಲ್ಲಿ ಆ ಕಲ್ಲುಗಳ ಪ್ರತಿರೂಪದ ಮೇಲೆ ಹೊಯ್ದಾಡುವ ಬೆಂಕಿಯ ಬೆಳಕನ್ನು ಬೀಳಿಸಿದಾಗ, ಒಂದರ ಮೇಲೊಂದು ಕೊರೆದಿದ್ದ ಪ್ರಾಣಿಗಳು ಒಮ್ಮೆ ಇದು ಒಮ್ಮೆ ಅದು ಎಂಬಂತೆ ಮಿಸುಕುವಂತೆ ಕಂಡವು. ಕೊನೆಯ ಮಾತಿನಲ್ಲಿ ಕವಿತ್ವದ ಅಂಶ ಸ್ವಲ್ಪ ಬೆರೆತಿದೆ. ಇರಲಿ; ಅದಕ್ಕೆ ಕೆಳಗೆ ಕಲ್ಲಿನ ಕೆಂಪು ಇದೆ, ಪ್ರಯೋಗವಿದೆ. ಅರ್ಥವು ತನ್ನ ಸರದಿ ಬರುವವರೆಗೆ ಕಾದು, ಕಲ್ಲು ಎಷ್ಟು ಹೇಳಿತೋ ಅದಕ್ಕಿಂತ ಸ್ವಲ್ಪವೇ ಹೆಚ್ಚು ಹೇಳಿ ನಿಂತಿದೆ. ಚಿತ್ರದ ಆಕಾರಕ್ಕಿಂತ ಕಲ್ಲನ್ನು ಎಲ್ಲಿಟ್ಟಿದ್ದರು ಎಂಬ ಪ್ರಶ್ನೆಗೆ ಪ್ರಾಶಸ್ತ್ಯ ಬಂದುದು ಈ ಅಧ್ಯಯನದ ಮುಖ್ಯ ಲಾಭ.

ಇನ್ನು ನಮ್ಮ ದೇಶ. ಶಹಾಡದ ನಿಲ್ದಾಣವನ್ನು ದಾಟಿ ಹೋಗುವ ರೈಲುಹಾದಿಯೇ ಕಸಾರೆಯ ಘಾಟವನ್ನೇರಿ, ನಾಸಿಕ ಮನಮಾಡಗಳನ್ನು ಹಾಯ್ದು ಚಾಳೀಸಗಾಂವವನ್ನು ಮುಟ್ಟುವುದು. ಆ ತಾಲೂಕಿನ ಪಾಟಣೆಯ ಹೆಸರು ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಭಾಸ್ಕರಾಚಾರ್ಯನ ಮೊಮ್ಮಗ ಚಂಗದೇವನ ಶಾಸನ ದೊರೆತ ಊರು ಅದು. ಅಲ್ಲಿ 1970ರ ದಶಕದ ಮೊದಲಲ್ಲಿ ಎಸ್. ಎ. ಸಾಳಿಯವರು ನಡೆಸಿದ ಉತ್ಖನನದಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನ ಒಂದು ತುಂಡು ಸಿಕ್ಕಿತು. ಅದರ ಮೇಲೆ ಗೆರೆಗಳ ನಡುವೆ ಅಡ್ಡಡ್ಡ ಹಾಯ್ದ ಜಾಲರಿಯ ಪಟ್ಟಿಗಳಿವೆ. ಕಾಲ ಸುಮಾರು 25,000 ವರ್ಷಗಳ ಹಿಂದೆ. ಕಲ್ಲಲ್ಲದಿದ್ದರೂ ಜಂಗಮಕಲೆಯ ವಿಚಾರದಲ್ಲಿ ಇದನ್ನು ಬಿಡುವಂತಿಲ್ಲ. ಈ ತುಂಡು ಹೆಸರಾದ ಮೇಲೆ ಮಧ್ಯಭಾರತದ ಬೇರೆ ಬೇರೆ ಕಡೆಗಳಿಂದ ಕೊರೆದ ಚಿಪ್ಪುಗಳೆಂದು ಹಲವಾರು ತುಂಡುಗಳು ಬೆಳಕಿಗೆ ಬಂದವು. ಆಸ್ಟ್ರೇಲಿಯದ ಬೆಡ್ನರಿಕ್ ಎಂಬ ವಿದ್ವಾಂಸರು ಅವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಪಾಟಣೆಯದನ್ನು ಉಳಿಸಿಕೊಂಡು ಉಳಿದವುಗಳ ಗೀರುಗಳು ಪ್ರಾಕೃತಿಕವೆಂದು ತೀರ್ಮಾನಿಸಿದರು. ಮಣ್ಣಿನಲ್ಲಿ ಹುದುಗಿದ ಚಿಪ್ಪಿಗೆ ಸಣ್ಣ ಬೇರುಗಳು ಅಂಟಿಕೊಂಡು ತಮ್ಮ ಆಮ್ಲದಿಂದ ಅದನ್ನು ಸವೆಸುತ್ತವೆ. ಬೇರು ಬಿಟ್ಟ ಗೀರು ಬಾಗುತ್ತದೆ, ಕವಲೊಡೆಯುತ್ತದೆ, ಅದರ ತಳ ದುಂಡಗಿರುತ್ತದೆ. ಮೊನೆಯಿಂದ ಎಳೆದ ಗೆರೆಯ ತಳ ಚೂಪಾಗಿದ್ದು ಅದರಲ್ಲಿ ಎಳೆಗಳಿರುತ್ತವೆ. ಹೆಗ್ಗಣ ಕಡಿದ ಗುರುತಾದರೆ ಜೋಡಿಜೋಡಿಯಾಗಿರುವುದು. ಒಂದು ನಿಜವಾದ ಕೃತಿಯು ಬೆಳಕಿಗೆ ಬಂದೊಡನೆ ಅದರ ನೆರಳಿನಲ್ಲಿ ಹಲವು ಕೃತಿಗಳು ಕಾಣತೊಡಗುವುದು ಸಾಹಿತ್ಯಚರಿತ್ರೆಯಲ್ಲಿಯೂ ಅಪರೂಪವಲ್ಲ.

ಕಲ್ಲಿನ ಮೇಲೆಯೇ ಕೊರೆದುದಕ್ಕೆ ನಮ್ಮಲ್ಲಿ ಹೆಸರಿಸಬಹುದಾದ ಉದಾಹರಣೆ ರಾಜಸ್ಥಾನದ ಅಬೂ ರೋಡ್ ಬಳಿಯ ಚಂದ್ರಾವತಿಯದು. ಸಣ್ಣ ಅಲಗುಗಳನ್ನು ಎಬ್ಬಿಸಿದ ಮೇಲೆ ಉಳಿಯುವ ಗಟ್ಟಿಕಲ್ಲಿನ ಮೇಲೆ ಜ್ಯಾಮಿತಿಯ ವಿನ್ಯಾಸವೊಂದನ್ನು ಕೊರೆದಿದೆ. ವಡೋದರೆಯ ವಿದ್ವಾಂಸರಾದ ಸೋನಾವಣೆಯವರು ಪ್ರಕಟಿಸಿದ ಈ ಕಲ್ಲು ಮಧ್ಯ ಶಿಲಾಯುಗದ್ದೆಂದು ಎಣಿಕೆ. ಆಯುಧ ತಯಾರಿಯಲ್ಲಿ ಉಳಿದ ಕಲ್ಲೇ ಚಿತ್ರದ ಹಲಗೆಯಾದುದು ಗಮನಾರ್ಹ. ಬೇಲನ್ ಕಣಿವೆಯ ಲೋಹಂದಾ ನಾಲೆಯಲ್ಲಿ ದೊರೆತ ಮೂಳೆಯ ವಸ್ತುವಿನದು ಇದಕ್ಕೆ ವಿರುದ್ಧವಾದ ಕಥೆ. ಅದನ್ನು ಮಾತೃದೇವತೆಯೆಂದು ಸಾರಿ ಪಠ್ಯಪುಸ್ತಕಗಳಿಗೂ ಸೇರಿಸಿದ್ದಾಯಿತು. ವಾಕಣಕರ್ ಮತ್ತು ಬೆಡ್ನರಿಕರು ಅದರ ಅಂಚುಗಳನ್ನು ನೋಡಿ ಅದೊಂದು ಮುರಿದ ಈಟಿಮೊನೆಯೆಂದರು. ದೇವತೆಯ ನಡುವೆಂದು ತೋರಿದ್ದು ಮೀನಿನ ಈಟಿಯ ಮುಳ್ಳಿನ ಕಚ್ಚು! ಇಲ್ಲಿ ಅರ್ಥವು ಮೊದಲು ಬಂದು ಕುಳಿತು, ಪರೀಕ್ಷೆಯು ಬಾಗಿಲಲ್ಲಿ ಕಾಯಬೇಕಾಯಿತು.

ಆದರೂ ಪರೀಕ್ಷೆಯೊಂದೇ ಸಾಕೆನ್ನುವವರಿಗೆ ಬಾಘೋರಿನ ಕಲ್ಲು ತಡೆಯೊಡ್ಡುವುದು. ಮಧ್ಯಪ್ರದೇಶದ ಸೀಧಿ ಜಿಲ್ಲೆಯ ಈ ನೆಲೆಯಲ್ಲಿ ಅಲಹಾಬಾದಿನ ಜಿ. ಆರ್. ಶರ್ಮಾ, ಬರ್ಕ್ಲಿಯ ಡೆಸ್ಮಂಡ್ ಕ್ಲಾರ್ಕ್ ಮೊದಲಾದವರು ಹಳೆಯ ಶಿಲಾಯುಗದ ಕೊನೆಯ ಕಾಲಕ್ಕೆ ಸೇರಿದ, ಸುಮಾರು 85 ಸೆಂಟಿಮೀಟರ್ ಅಡ್ಡಳತೆಯ ಒಂದು ದುಂಡುಕಟ್ಟೆಯನ್ನೂ ಅದರ ಮೇಲೆ ಒಡೆದ ಒಂದು ಕಲ್ಲನ್ನೂ ಕಂಡರು. ತುಂಡುಗಳನ್ನು ಕೂಡಿಸಿದಾಗ ಒಂದರೊಳಗೊಂದು ಕುಳಿತ ಬಣ್ಣಬಣ್ಣದ ತ್ರಿಕೋಣಗಳು ಮೂಡಿದವು. ಅವನ್ನು ಯಾರೂ ಕೊರೆದುದಲ್ಲ; ಕಲ್ಲಿನ ಪದರಗಳೇ ಹಾಗಿವೆ. ಆ ಸೀಮೆಯ ಕೋಲರೂ ಬೈಗರೂ ಅಂತಹವೇ ಕಲ್ಲುಗಳನ್ನು ಕಟ್ಟೆಯ ಮೇಲಿಟ್ಟು ದೇವಿಯೆಂದು ಪೂಜಿಸುವುದನ್ನು ಉತ್ಖನನಕಾರರು ಕಂಡರು. ಸೂಕ್ಷ್ಮದರ್ಶಕಕ್ಕೆ ಈ ಕಲ್ಲನ್ನು ಒಪ್ಪಿಸಿದರೆ ಅದು ಪ್ರಾಕೃತಿಕವೆಂದು ತಳ್ಳಿಹಾಕುವುದು. ತಳ್ಳಿದುದು ತಪ್ಪಲ್ಲ, ಅಪೂರ್ಣ. ಆರಿಸಿ ತಂದದ್ದು, ಕಟ್ಟೆಯ ಮೇಲಿಟ್ಟದ್ದು ಮನುಷ್ಯನ ಕೆಲಸವೇ. ಅದನ್ನು ನುಡಿದದ್ದು ಕಲ್ಲಲ್ಲ, ಕಲ್ಲಿದ್ದ ಸ್ಥಳ. ಈ ಕಲ್ಲನ್ನು ಯಾರೋ ಹೊಲದಲ್ಲಿ ಕಂಡು ಮನೆಗೆ ಒಯ್ದು ಗಾಜಿನ ಬೀರುವಿನಲ್ಲಿ ಇಟ್ಟಿದ್ದರೆ ಅದು ಒಂದು ಚೆಂದದ ಕಲ್ಲಾಗಿ ಉಳಿಯುತ್ತಿತ್ತು, ಅಷ್ಟೆ.

ಹಾಗೆ ಒಯ್ಯುವವರು ನಮ್ಮಲ್ಲಿ ಕಡಮೆಯಿಲ್ಲವಾದುದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಊರಿನ ಮೇಲಣ ಅಭಿಮಾನದಿಂದ ಸ್ಥಳೀಯ ಚರಿತ್ರೆಯನ್ನು ಸಂಗ್ರಹಿಸುವವರು ಗೀರುಳ್ಳ ಕಲ್ಲನ್ನು ಕಂಡೊಡನೆ ಅದನ್ನು ತೊಳೆಯುವರು, ನಾರಿನಿಂದ ಉಜ್ಜುವರು, ಗೆರೆಗಳು ಎದ್ದುಕಾಣಲೆಂದು ಸೀಮೆಸುಣ್ಣವನ್ನು ತುಂಬಿ ಫೋಟೋ ತೆಗೆಯುವರು. ಉಜ್ಜುವುದರಿಂದ ಗೆರೆಯ ತಳದ ನವಿರು ಎಳೆಗಳು ಹೋಗುತ್ತವೆ. ತೊಳೆಯುವುದರಿಂದ ಬಣ್ಣವಿದ್ದರೆ ಬಣ್ಣವೂ, ಕಾಲನಿರ್ಣಯಕ್ಕೆ ಬೇಕಾದ ಮಣ್ಣೂ ಹೋಗುತ್ತದೆ. ಸೀಮೆಸುಣ್ಣವು ಯಾವ ಗೆರೆಗಳನ್ನು ನೋಡಬೇಕೆಂಬುದನ್ನು ನೋಡುಗನ ಪರವಾಗಿ ಮೊದಲೇ ತೀರ್ಮಾನಿಸಿಬಿಡುತ್ತದೆ. ಶ್ರದ್ಧೆಯಿಂದ ಮಾಡಿದ ಈ ಮೂರು ಕೆಲಸಗಳು ಸೇರಿದರೆ ನಿರ್ಲಕ್ಷ್ಯದಿಂದ ಆಗದಷ್ಟು ಹಾನಿ ಆಗುವುದು. ಮುಂಬಯಿಯ ಕಾಂದಿವಲಿಯಲ್ಲಿ 1930ರ ದಶಕದಲ್ಲಿ ಶಿಲಾಯುಗದ ಆಯುಧಗಳನ್ನು ಕಂಡ ಟಾಡ್ ನೌಕಾದಳದ ಅಧಿಕಾರಿ, ವೃತ್ತಿಯಿಂದ ಪುರಾತತ್ತ್ವಜ್ಞನಲ್ಲ. ಆದರೂ ಯಾವ ಆಯುಧ ಯಾವ ಪದರದ್ದೆಂಬುದನ್ನು ಅವನು ಬರೆದಿಟ್ಟುದರಿಂದಲೇ ಮುಂದಿನವರು ಅವನ ನೆಲೆಗಳನ್ನು ಮತ್ತೆ ವಿಮರ್ಶಿಸಲು ಸಾಧ್ಯವಾಯಿತು. ಹವ್ಯಾಸಿಯೆಂಬುದು ದೋಷವಲ್ಲ.

ಕನ್ನಡನಾಡಿನ ಪಾಲಿಗೆ ಈ ಚರ್ಚೆಯೆಲ್ಲ ಬಂದು ನಿಲ್ಲುವುದು ಹುಣಸಗಿಯ ಒಂದು ಸಣ್ಣ ಕಾವಿಕಲ್ಲಿನ ಬಳಿ. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಬೈಚಬಾಳಗಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ದಶಕಗಟ್ಟಲೆ ನಡೆದು, ಅಗೆದು, ಅಷ್ಯೂಲಿಯನ್ ಎಂಬ ಕೈಗೊಡಲಿಗಳ ಸಂಸ್ಕೃತಿಯ ನೆಲೆಗಳನ್ನು ಗುರುತಿಸಿದರು. ಹುಣಸಗಿಯ ನೆಲೆಯಲ್ಲಿ ಆಯುಧಗಳ ಜತೆಗೆ ಕೆಂಪು ಕಾವಿಕಲ್ಲಿನ ಸಣ್ಣ ಗುಂಡುಗಳೂ ಅವರಿಗೆ ಸಿಕ್ಕವು. ಅವುಗಳಲ್ಲೊಂದರ ಮೇಲೆ ಸಮತಟ್ಟಾಗಿ ಸವೆದ ಮುಖವೊಂದಿದ್ದು, ಆ ಮುಖದ ಮೇಲೆ ಹೆಚ್ಚುಕಡಿಮೆ ಸಮಾನಾಂತರವಾದ ಗೀರುಗಳಿರುವುದನ್ನು ಬೆಡ್ನರಿಕರು 1990ರಲ್ಲಿ ಪ್ರಕಟಿಸಿದರು. ಬಂಡೆಯೊಂದರ ಮೇಲೆ ಬಣ್ಣದ ಕಡ್ಡಿಯಂತೆ ಉಜ್ಜಿದ್ದರಿಂದ ಅದು ಸವೆದಿದೆಯೆಂಬುದು ಅವರ ಅಭಿಪ್ರಾಯ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸ್ತಿಲಿಗೂ ಗೋಡೆಯಂಚಿಗೂ ಜಾಜು ಬಳಿಯುವುದನ್ನು ಕಂಡವರಿಗೆ ಈ ಕಲ್ಲಿನ ಪರಿಚಯ ತಕ್ಷಣ ಆಗುವುದು.

ಇದನ್ನು ಕರ್ನಾಟಕದ ಆದಿಚಿತ್ರವೆಂದು ಕರೆಯುವ ಆಸೆ ಸಹಜ. ಕ್ರಮ ತಪ್ಪದೆ ಕೇಳಿದರೆ ಏನು ಉಳಿಯುವುದೆಂಬುದನ್ನು ನೋಡಬೇಕು. ಈ ಗೀರುಗಳು ಪ್ರಕೃತಿಯವಲ್ಲ, ಉಜ್ಜಿದ್ದರಿಂದ ಬಂದವು ಎಂಬುದನ್ನು ಒಪ್ಪಬಹುದು. ಅವು ಗೆರೆಗಳೆ? ಅಲ್ಲ. ಅವನ್ನು ಯಾರೂ ಎಳೆಯಲಿಲ್ಲ. ಬೀಸುವ ಕಲ್ಲಿನ ಮೇಲೆ ಹಿಟ್ಟಿನ ಸವೆತ ಹೇಗೋ ಹಾಗೆ, ಬೇರೊಂದು ಕೆಲಸವನ್ನು ಮಾಡುವಾಗ ಅವು ತಾವಾಗಿ ಬಿದ್ದವು. ಚಿತ್ರವೆಂಬ ಮಾತು ಇನ್ನೂ ದೂರ. ಇಲ್ಲಿ ದೊರೆತಿರುವುದು ಲೇಖನಿ. ಅದು ಬರೆದ ಬರಹವಲ್ಲ. ಕೆಂಪನ್ನು ಬಂಡೆಯ ಮೇಲೆ ಬಳಿಯುವುದಕ್ಕೆ ಉಜ್ಜಿದರೊ, ಪುಡಿಯನ್ನು ತೆಗೆದು ತೊಗಲಿಗೋ ಮೈಗೋ ಹಚ್ಚುವುದಕ್ಕೆ ಉಜ್ಜಿದರೊ, ಆ ಸವೆದ ಮುಖವೊಂದರಿಂದಲೇ ತೀರ್ಮಾನವಾಗದು. ಬೆಡ್ನರಿಕರು ಉಳಿದವರ ಚಿಪ್ಪುಗಳ ವಿಷಯದಲ್ಲಿ ತೋರಿದ ಕಟ್ಟುನಿಟ್ಟನ್ನು ತಮ್ಮ ಈ ಕಲ್ಲಿಗೂ ಪೂರ್ತಿಯಾಗಿ ಅನ್ವಯಿಸಿದ್ದರೆ ‘ಬಂಡೆಯ ಮೇಲೆ ಉಜ್ಜಿದ್ದು’ ಎಂಬಲ್ಲಿಗೆ ನಿಲ್ಲಬೇಕಾಗಿತ್ತು. ಬಣ್ಣದ ಕಡ್ಡಿಯೆಂಬ ಹೆಸರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾಲದ ವಿಚಾರದಲ್ಲಿಯೂ ಎಚ್ಚರ ಬೇಕು. ಅದೇ ಕಣಿವೆಯ ಇಸಾಂಪುರದಲ್ಲಿ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆಯುಧ ಮಾಡುತ್ತಿದ್ದ ನೆಲೆಯಲ್ಲಿ, ದೊರೆತ ಪ್ರಾಣಿಯ ಹಲ್ಲುಗಳಿಂದ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು 2001ರಲ್ಲಿ ಎಣಿಸಿರುವರು. ಆ ಸಂಖ್ಯೆ ಇಸಾಂಪುರದ್ದು. ನೆರೆಯ ನೆಲೆಯ ಕಾವಿಕಲ್ಲಿಗೆ ಅದನ್ನು ಎರವಲು ಕೊಡುವಂತಿಲ್ಲ.

ಇಷ್ಟನ್ನು ಕಳೆದ ಮೇಲೆಯೂ ಉಳಿಯುವುದು ಅಲ್ಪವೇನಲ್ಲ. ಕೈಗೊಡಲಿಯನ್ನು ಕಡೆದ ಜನ ಕೆಂಪನ್ನು ಕೆಂಪೆಂದು ಆರಿಸಿ, ಅದಕ್ಕೆ ಕೆಲಸ ಕೊಟ್ಟರು ಎಂಬುದು ಆ ಗುಂಡಿನಿಂದ ತಿಳಿಯುವುದು. ಆಫ್ರಿಕದ ದಕ್ಷಿಣ ಕೊನೆಯ ಬ್ಲೊಂಬೊಸ್ ಗುಹೆಯಲ್ಲಿಯೂ ಮೊದಲು ಸಿಕ್ಕಿದ್ದು ಕಾವಿಕಲ್ಲೇ. ಅದರ ತುಂಡುಗಳ ಮೇಲೆ ಬೇಕೆಂದು ಕೊರೆದ ಜಾಲರಿಯನ್ನು 2002ರಲ್ಲಿ ಪ್ರಕಟಿಸಿದರು. ಅದಕ್ಕೆ ಸುಮಾರು 75,000 ವರ್ಷ. ಕಾವಿಕಲ್ಲಿನಿಂದ ಬರೆದ ಬರಹ ಸಿಕ್ಕಿದ್ದು ಅದಕ್ಕಿಂತ ತಡವಾಗಿ. 2011ರಲ್ಲಿ ಅಗೆದು ತೆಗೆದ ಕಲ್ಲುಚಕ್ಕೆಗಳನ್ನು ಪ್ರಯೋಗಶಾಲೆಯಲ್ಲಿ ಒಂದೊಂದಾಗಿ ನೋಡುತ್ತಿದ್ದಾಗ, ಆಯುಧವೂ ಅಲ್ಲದ ಒಂದು ಚಿಕ್ಕ ಚಕ್ಕೆಯ ನುಣುಪು ಮೈಮೇಲೆ ಒಂಬತ್ತು ಕೆಂಪು ಗೆರೆಗಳು ಕಂಡವು: ಆರು ಒಂದು ದಿಕ್ಕಿಗೆ, ಮೂರು ಅವನ್ನು ಅಡ್ಡಹಾಯ್ದು. ಕೊರೆದವಲ್ಲ, ಕಾವಿಯ ಮೊನೆಯಿಂದ ಬರೆದವೆಂಬುದನ್ನು ಪ್ರಯೋಗಗಳಿಂದ ಸಿದ್ಧಪಡಿಸಿ 2018ರಲ್ಲಿ ಪ್ರಕಟಿಸಿದರು. ಅದರ ಕಾಲ 73,000 ವರ್ಷ.

ಕಾವಿಯು ಉಜ್ಜಿ ಸವೆದಿದ್ದರೆ ಅದು ತಾಗಿದ ಮೈಯೂ ಎಲ್ಲೋ ಇರಬೇಕು. ಬಯಲಿನ ಬಂಡೆಯ ಮೇಲಿನ ಕೆಂಪನ್ನು ಮಳೆಗಾಲಗಳು ಉಳಿಸಲಾರವು. ಪದರದೊಳಗೆ ಮಗುಚಿ ಬಿದ್ದ ಚಕ್ಕೆಯ ಕೆಳಮೈ ಉಳಿಸೀತು. ಹುಣಸಗಿಯ ನೆಲೆಗಳಿಂದ ಬಂದ ಕಲ್ಲುಗಳಲ್ಲಿ ಕೈಗೊಡಲಿಗಳನ್ನು ಅಳೆದು, ಎಣಿಸಿ, ಚಿತ್ರಿಸಿಟ್ಟಿದ್ದಾರೆ. ಆಯುಧ ಮಾಡುವಾಗ ಹಾರಿಬಿದ್ದ ಚಕ್ಕೆಗಳ ಚಪ್ಪಟೆ ಮೈಗಳನ್ನು, ತೊಳೆಯುವ ಮೊದಲು, ಓರೆಬೆಳಕಿನಲ್ಲಿ ಒಂದೊಂದಾಗಿ ತಿರುವಿ ನೋಡುವ ಕೆಲಸ ಇನ್ನು ಮುಂದೆ ಅಲ್ಲಿ ಅಗೆಯುವವರದು.